ಎಲೆ ಲೆಕ್ಕ

ಹದಿನೆಂಟು ವರ್ಷ ಹಡಗಿನ ಜೂಜುಕೋಣೆಯಲ್ಲಿ ಎಲೆ ಹಂಚಿ
ಹೊಸಂಗಡಿಗೆ ಮರಳಿದ ಬೊನ್ನು ಪೊರ್ಬುಗಳು ತಂದದ್ದು
ಒಂದು ತಗಡಿನ ಪೆಟ್ಟಿಗೆ, ಒಂದು ಬೆನ್ನುನೋವು,
ಮತ್ತೆ ಮೇಜಿಗೆ ಹಾಸುವ ಹಸಿರು ಬಟ್ಟೆ.
ಅದನ್ನು ಸೆವ್ರಿನ್ ಬಾಯಿ ಎರಡು ತುಂಡು ಮಾಡಿ
ಒಂದರಲ್ಲಿ ಬೀಡಿಯ ಎಲೆ ಸುತ್ತಿಟ್ಟರು, ಪಸೆ ಆರದ ಹಾಗೆ.
ಇನ್ನೊಂದರ ಮೇಲೆ, ರೈಲುಗೇಟು ಬಿದ್ದ ಸಂಜೆಗಳಲ್ಲಿ,
ನನಗೆ ಇಪ್ಪತ್ತೊಂದರ ಪಾಠ.

“ದಾಳಕ್ಕೆ ನೆನಪಿಲ್ಲ ಮಾರಾಯ,
ಆರು ಬಿದ್ದದ್ದು ಆರಿಗೇ ಗೊತ್ತಿಲ್ಲ.
ಎಲೆ ಹಾಗಲ್ಲ. ಹೋದ ಎಕ್ಕ ಹೋಯಿತು.
ಕಟ್ಟು ಮುಗಿಯುವ ತನಕ ಅದು ಸತ್ತವರ ಪಟ್ಟಿಯಲ್ಲಿ.”

ಇಷ್ಟು ಸಣ್ಣ ಮಾತು ಹೊಳೆಯಲು ಜನಕ್ಕೆ
ಇನ್ನೂರು ವರ್ಷ ಬೇಕಾಯಿತಂತೆ.
ಮೊದಲು ಅಮೆರಿಕದ ನಾಲ್ಕು ಸಿಪಾಯಿಗಳು
ಲೆಕ್ಕದ ಯಂತ್ರ ಕುಟ್ಟಿ ಕುಟ್ಟಿ
ಯಾವಾಗ ಎಲೆ ಕೇಳಬೇಕು, ಯಾವಾಗ ಸಾಕೆನ್ನಬೇಕು
ಅಂತ ಒಂದು ಪಟ್ಟಿ ಬರೆದರು.
ಮತ್ತೆ ಒಬ್ಬ ಗಣಿತದ ಮೇಷ್ಟ್ರು
ಕೋಣೆಯಷ್ಟು ದೊಡ್ಡ ಕಂಪ್ಯೂಟರನ್ನು ಕೇಳಿದರು:
ಐದುಗಳೆಲ್ಲ ಹೋದ ಮೇಲೆ ಆಟ ಯಾರದು?
ಆಡುವವನದು, ಅಂದಿತು ಅದು.

ಬರಬರುತ್ತ ಲೆಕ್ಕ ಸಪೂರವಾಯಿತು, ನಾಲಿಗೆಯಡಿ ಅಡಗುವಷ್ಟು.
ಎರಡರಿಂದ ಆರು ಹೋದರೆ ಒಂದು ಕೂಡಿಸು.
ಹತ್ತು, ಗುಲಾಮ, ರಾಣಿ, ರಾಜ, ಎಕ್ಕ ಹೋದರೆ ಒಂದು ಕಳೆ.
ಏಳು ಎಂಟು ಒಂಬತ್ತು, ಅವು ದಾರಿಹೋಕರು, ಬಿಡು.
ಕೂಡಿದ್ದು ಹೆಚ್ಚಾದರೆ ಕಿಸೆ ಬಿಚ್ಚು,
ಕಡಿಮೆಯಾದರೆ ಚಾ ಕುಡಿ.

ಜೂಜುಮನೆಯವರು ಸುಮ್ಮನಿರುತ್ತಾರಾ?
ಒಂದು ಕಟ್ಟು ಇದ್ದಲ್ಲಿ ಆರು ಸುರಿದರು, ಎಂಟು ಸುರಿದರು.
ಎಣಿಸುವವರೂ ಗುಂಪು ಕಟ್ಟಿದರು:
ಒಬ್ಬಳು ಚಿಲ್ಲರೆ ಆಡುತ್ತ ಎಣಿಸಿ ಕಿವಿಯೋಲೆ ಮುಟ್ಟುವುದು,
ಆಚೆ ಕುಡಿದವನಂತೆ ತೂರಾಡುತ್ತಿದ್ದವ
ನೆಟ್ಟಗೆ ಬಂದು ರಾಶಿ ಹಣ ಇಡುವುದು.
ಒಬ್ಬ ಬೂಟಿನೊಳಗೆ ಯಂತ್ರ ಇಟ್ಟು ಹೆಬ್ಬೆರಳಲ್ಲಿ ಎಣಿಸಿದ,
ಬೆಂಕಿ ಹೊತ್ತಿ ಕುಣಿದ.
ಕೊನೆಗೆ ಬಂತು ಕಲಸುವ ಪೆಟ್ಟಿಗೆ.
ಆಡಿದ ಎಲೆಯನ್ನು ಆಗಿಂದಾಗಲೇ ನುಂಗಿ ಬೆರೆಸುವಂಥದ್ದು.
“ಅದಕ್ಕೆ ನಿನ್ನೆ ಅಂತ ಇಲ್ಲ,” ಅಂದರು ಪೊರ್ಬುಗಳು,
“ಅದು ಬಂದ ವರ್ಷವೇ ನಾನು ಇಳಿದೆ.”

ಹಂಚುವುದಷ್ಟೇ ಅಲ್ಲ ಅವರ ಕೆಲಸ,
ಎಣಿಸುವವರ ಕಣ್ಣು ಹಿಡಿಯುವುದು.
ಹನ್ನೊಂದು ಮಂದಿಯನ್ನು ಹಿಡಿದುಕೊಟ್ಟಿದ್ದೇನೆ ಅಂದಾಗ
ಒಳಜಗಲಿಯಲ್ಲಿ ಸೆವ್ರಿನ್ ಬಾಯಿಯ ಕತ್ತರಿ
ಒಮ್ಮೆ ನಿಂತು, ಮತ್ತೆ ಹೊರಟಿತು.

ಅವರ ಮಡಿಲ ಮೊರದಲ್ಲಿ ಎಲೆ, ಹೊಗೆಸೊಪ್ಪು, ನೂಲು.
ಇಪ್ಪತ್ತೈದಕ್ಕೆ ಒಂದು ಕಟ್ಟು.
ಬ್ರಾಂಚಿನಲ್ಲಿ ಚೆಕ್ಕರ್ ಬಾಲಣ್ಣ ಎಳೆದೆಳೆದು
ಹಾಳು ಅಂತ ಬುಟ್ಟಿಗೆ ಬಿಸಾಡುವುದು.
ಬೀಡಿ ಒಳ್ಳೆಯದಿರಲಿ, ಕೆಟ್ಟದಿರಲಿ,
ಬುಟ್ಟಿ ತುಂಬಲೇಬೇಕು. ಅದು ಮನೆಯ ಪಾಲು.

ಒಂದು ಶನಿವಾರ ನಾನೂ ಮೊರ ಹೊತ್ತು ಹೋಗಿದ್ದೆ.
ಬಾಯಿ ಸಾಲಿನ ಪಕ್ಕ, ಚಪ್ಪಲಿಯ ಬಾರು ಸರಿಮಾಡುತ್ತ,
ಎಷ್ಟು ಹೊತ್ತು ಸರಿಮಾಡುತ್ತಾರೆ ಒಂದು ಬಾರನ್ನು!
ತುಟಿ ಅಲುಗುವುದಿಲ್ಲ. ಬಾಲಣ್ಣನ ಬುಟ್ಟಿ ಏರುತ್ತಿದೆ.
ಗಟ್ಟಿ ಬೀಡಿಯವರು ಒಬ್ಬೊಬ್ಬರೇ ಮುಂದೆ ಹೋಗಿ
ಬೈದುಕೊಂಡು, ಐದಾರು ಕಳಕೊಂಡು ಬಂದರು.
ಬುಟ್ಟಿಯ ಬಾಯಿ ಮುಚ್ಚಿತು, ಅವನ ಕೈ ಸಡಿಲಾಯಿತು.
ಆಗ ಸೆವ್ರಿನ್ ಬಾಯಿ
ಕಿವಿಯೋಲೆ ಮುಟ್ಟಿದರು.

ಹಿಂದಿನಿಂದ ದೇಯಿ ಬಂದಳು,
ಜ್ವರದ ಕೈಯಲ್ಲಿ ಸುತ್ತಿದ ಸೊಟ್ಟ ಬೀಡಿಗಳೊಂದಿಗೆ.

ಮನೆಯಲ್ಲಿ ನಾನು ಏನೂ ಹೇಳಲಿಲ್ಲ.
ಏಳು, ಎಂಟು, ಒಂಬತ್ತು.
ಪೊರ್ಬುಗಳು ಹಸಿರು ಬಟ್ಟೆಯ ಮೇಲೆ ಎಲೆ ಕಲಸುತ್ತಿದ್ದರು,
ಮೋರೆ ಎತ್ತದೆ ಹೆಂಡತಿಯನ್ನು ಕೇಳಿದರು:
“ದೇಯಿದು ಎಲ್ಲ ಪಾಸಾಯಿತಾ?”